ಎದುರುಮನೆಯ ರಂಗೋಲಿ

ಹಾಕಿದವರ ಮನಸ್ಸು ಖುಷಿಯಾಗಿದ್ದರೆ ಬಿಳಿ ರಂಗೋಲಿ ತಾನಾಗಿ ಬಣ್ಣ ತಳೆಯುವುದು ಆ ಊರಿನಲ್ಲಿ ಯಾರಿಗೂ ಸೋಜಿಗವಾಗಿರಲಿಲ್ಲ. ಬಾಗಿಲು ತಟ್ಟಬೇಕೋ, ಸದ್ದಿಲ್ಲದೆ ಪ್ಯಾಕೆಟ್ ಇಟ್ಟು ಹೋಗಬೇಕೋ ಎಂಬುದನ್ನು ಹಾಲಿನವನೂ ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದ.

ಎದುರುಮನೆಯ ಚಂಪಾಳ ರಂಗೋಲಿ ದಿನವೂ ದಾಸವಾಳದಂತೆ ಅರಳುತ್ತಿತ್ತು. ಇಂದ್ರಾಣಿಯದು ಮಾತ್ರ ಹಿಟ್ಟು ಚೆಲ್ಲಿದ ಹಾಗೆ ಬಿಳಿಯಾಗಿಯೇ ಉಳಿಯುತ್ತಿತ್ತು. ಹೊಟ್ಟೆಕಿಚ್ಚು ತಾಳಲಾರದೆ ಆಕೆ ಕಿಟಕಿಯಲ್ಲಿ ನಿಂತು ಚಂಪಾಳ ಬೆಳಗನ್ನೆಲ್ಲ ಕದ್ದು ಕಲಿತಳು. ಅವಳಂತೆಯೇ ಕತ್ತಲಿರುವಾಗ ಎದ್ದು ತಣ್ಣೀರಲ್ಲಿ ಮುಖ ತೊಳೆದಳು, ತುಳಸಿಗೆ ನೀರೆರೆದಳು, ಫೋನ್ ಮುಟ್ಟದೆ ಜಗುಲಿಯಲ್ಲಿ ಕೂತು ಕಾಫಿ ಕುಡಿದಳು. ಚುಕ್ಕಿಗಳನ್ನೂ ಅವಳದೇ ಲೆಕ್ಕದಲ್ಲಿಟ್ಟಳು. ಬಣ್ಣ ಮಾತ್ರ ಬರಲಿಲ್ಲ.

ಒಂದು ಮುಂಜಾನೆ ಚಂಪಾಳ ರಂಗೋಲಿಯೇ ಬಿಳಿಚಿಕೊಂಡು ಬಿದ್ದಿತ್ತು. ಇಂದ್ರಾಣಿ ನಂಬಲಾರದೆ ಮತ್ತೊಮ್ಮೆ ನೋಡಿದಳು. ನೋಡುತ್ತಿದ್ದಂತೆಯೇ ಅವಳ ಕಾಲಬಳಿಯ ಗೆರೆಗಳಿಗೆ ಕೆಂಪೇರಿತು. ಬೀದಿಯವರು ಕಂಡರೆ ಏನೆಂದಾರು! ಗಾಬರಿಯಿಂದ ಅಳಿಸಲು ಬಗ್ಗುವಷ್ಟರಲ್ಲಿ ಚಂಪಾ ಹೊರಬಂದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ಅಯ್ಯೋ ಇಂದ್ರಕ್ಕಾ, ನಿಮ್ದು ಅರಳ್ಬಿಟ್ಟಿದೆ! ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ? ಅಳಿಸ್ಬೇಡಿ, ಇರ್ಲಿ ಬಿಡಿ!"

ಹಾಗೆನ್ನುತ್ತ ಅವಳು ನಕ್ಕಳು. ಅವಳ ಅಂಗಳದ ಬಿಳಿ ಗೆರೆಗಳಿಗೆ ಮೆಲ್ಲಗೆ ಹಳದಿ ಏರತೊಡಗಿತು.

ಅದು ಕಣ್ಣಿಗೆ ಬಿದ್ದದ್ದೇ ತಡ, ಇಂದ್ರಾಣಿಯ ಕಾಲಬಳಿಯ ಕೆಂಪು ಇಳಿದುಹೋಗಿ ರಂಗೋಲಿ ಮತ್ತೆ ಬೆಳ್ಳಗಾಯಿತು. ಅಳಿಸುವ ಕೆಲಸ ತಪ್ಪಿತು.