ನಾಲ್ಕು ಗುಂಡುಸೂಜಿ

ಫೋನಿನ ಪರದೆಯ ಮೇಲ್ತುದಿಯಲ್ಲಿ ಕೆಂಪು ಪಟ್ಟಿ ಮತ್ತೆ ಹೊತ್ತಿಕೊಂಡಿತು: ‘ಅಭ್ಯರ್ಥಿ ಮಾತನಾಡುತ್ತಿದ್ದಾರೆ. ಎಚ್ಚರಿಕೆ ಎರಡು.’ ಹದಿನೇಳನೆಯ ಪ್ರಶ್ನೆಯ ನಡುವೆ ಟೈಲರಕ್ಕ ಬೆಚ್ಚಿಬಿದ್ದಳು. ಹೊಲಿಗೆ ಯಂತ್ರದ ಮೇಲೆ ದಾರದ ಉಂಡೆಗೆ ಒರಗಿಸಿಟ್ಟಿದ್ದ ಫೋನಿನೊಳಗಿಂದ, ಎಲ್ಲೋ ದೂರದಲ್ಲಿ ಕೂತು ಪರೀಕ್ಷೆಯ ಕಾವಲು ಕಾಯುತ್ತಿದ್ದವನ ದನಿ ಬಂತು.

“ಅಮ್ಮಾ, ಯಾರ ಜೊತೆ ಮಾತಾಡ್ತಿದೀರಾ?”

“ಯಾರ ಜೊತೆಗೂ ಇಲ್ಲ ಸಾರ್. ಪ್ರಶ್ನೆ ಓದ್ತಾ ಇದೀನಿ.”

“ಓದೋಕೆ ತುಟಿ ಯಾಕೆ ಅಲ್ಲಾಡ್ಬೇಕು?”

“ಅಲ್ಲಾಡದಿದ್ರೆ ತಲೆಗೆ ಹತ್ತೋದಿಲ್ಲ ಸಾರ್.”

“ಮನಸ್ಸಲ್ಲೇ ಓದ್ಕೊಳ್ಳಿ. ಎಚ್ಚರಿಕೆ ಎಣಿಸೋದು ನಾನಲ್ಲ, ಕಂಪ್ಯೂಟರೇ ಎಣಿಸುತ್ತೆ. ಮೂರಾಯ್ತು ಅಂದ್ರೆ ಪರೀಕ್ಷೆ ತಾನಾಗೇ ಮುಚ್ಕೊಳ್ಳುತ್ತೆ. ಆಮೇಲೆ ಮುಂದಿನ ವರ್ಷಾನೇ.”

ಮುಂದಿನ ವರ್ಷದ ತನಕ ಆ ಕೆಲಸ ಅವಳಿಗಾಗಿ ಕಾಯುವುದಿಲ್ಲ. ಹೊಲಿಗೆ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕತ್ತರಿ ಹಿಡಿಯುವುದನ್ನು ಕಲಿಸುತ್ತ ಬಂದವಳು ಅವಳೇ. ಹಾಜರಿ ಪುಸ್ತಕದಲ್ಲಿ ಮಾತ್ರ ‘ಸಹಾಯಕಿ’. ಈಗ ಅಲ್ಲಿನ ಟೀಚರು ನಿವೃತ್ತರಾಗಿದ್ದಾರೆ. ತಿಂಗಳ ಕೊನೆಯೊಳಗೆ ಹತ್ತನೆಯ ತರಗತಿ ಪಾಸಾದ ಪತ್ರ ತಂದರೆ ಆ ಕುರ್ಚಿ ಅವಳದು, ತರದಿದ್ದರೆ ಬೇರೆ ಯಾರದೋ.

ಮನಸ್ಸಿನಲ್ಲಿ ಓದುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೂರು ವರ್ಷ ಇದೇ ಫೋನು, ಇದೇ ದಾರದ ಉಂಡೆ. ಪಾಠದ ಮೇಡಂ ಪರದೆಯಲ್ಲಿ ಬಂದು ‘ಎಲ್ಲಿ, ನನ್ನ ಜೊತೆ ಗಟ್ಟಿಯಾಗಿ ಹೇಳಿ’ ಅನ್ನುತ್ತಿದ್ದರು. ಕಾಲು ಪೆಡಲ್ ತುಳಿಯುತ್ತಿತ್ತು, ಬಾಯಿ ಹೇಳುತ್ತಿತ್ತು. ತ್ರಿಕೋನ, ಸೌರಮಂಡಲ, ರಕ್ತದ ಗುಂಪು, ಎಲ್ಲವೂ ಬಾಯಿಯ ದಾರಿಯಲ್ಲೇ ಒಳಗೆ ಹೋಗಿದ್ದವು.

ಹದಿನೇಳನೆಯದಕ್ಕೆ ಉತ್ತರ ಒತ್ತಿ, ತುಟಿ ಬಿಗಿದು ಹದಿನೆಂಟನೆಯದನ್ನು ನೋಡಿದಳು. ಅಕ್ಷರಗಳು ಗುರುತಿಲ್ಲದವರ ಹಾಗೆ ಸುಮ್ಮನೆ ನಿಂತಿದ್ದವು. ಕೆಳತುಟಿ ಕಚ್ಚಿಕೊಂಡಳು, ಎರಡು ಪದ ದಾಟುವಷ್ಟರಲ್ಲಿ ಅದು ಹಲ್ಲಿನಿಂದ ಜಾರಿ ತನ್ನ ಚಾಳಿಗೆ ಇಳಿಯಿತು. ಅಂಗೈ ಅಡ್ಡ ಹಿಡಿದಳು. ‘ಮುಖ ಮುಚ್ಚಬೇಡಿ’ ಎಂದಿತು ಪರದೆ. ಸದ್ದಾಗಬಾರದೆಂದು ಬೆಲ್ಟು ಬಿಚ್ಚಿಟ್ಟಿದ್ದ ಯಂತ್ರದ ಪೆಡಲನ್ನು ಅವಳ ಕಾಲು ಬರಿದೇ ತುಳಿಯುತ್ತಿತ್ತು. ಇನ್ನೂ ಮೂವತ್ತಮೂರು ಪ್ರಶ್ನೆ, ನಲವತ್ತು ನಿಮಿಷ ಬಾಕಿ.

ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಅವಳ ನಾದಿನಿ ಕಾವಲು ಕೂತಿದ್ದಳು. ಪಕ್ಕದ ಬೀದಿಯ ಹೆಂಗಸೊಬ್ಬಳು ಬಂದಳು.

“ಟೈಲರಕ್ಕಾ, ನಮ್ಮನೆಯವ್ರ ಪ್ಯಾಂಟು ಆಯ್ತಾ?”

“ಶ್! ಒಳಗೆ ಪರೀಕ್ಷೆ ನಡೀತಿದೆ,” ಅಂದಳು ನಾದಿನಿ.

“ಯಾರಿಗೆ?”

“ಅತ್ತಿಗೆಗೆ. ಹತ್ತನೇ ಕ್ಲಾಸು.”

“ಅಯ್ಯೋ, ಈ ವಯಸ್ಸಲ್ಲಾ? ಅವಳು ಪಾಸಾಗೋ ತನಕ ನಮ್ಮನೆಯವ್ರು ಟವಲ್ ಸುತ್ಕೊಂಡು ಕೂತಿರ್ಬೇಕಾ? ಕೆಲಸಕ್ಕೆ ಹಾಕ್ಕೊಂಡು ಹೋಗೋದು ಅದೊಂದೇ ಕಣೇ!”

“ಕೂತಿರ್ಲಿ. ಒಂದಿನ ಮನೇಲಿದ್ರೆ ಪಾತ್ರೆನಾದ್ರೂ ತೊಳೀತಾರೆ.”

ಪ್ಯಾಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಟೈಲರಕ್ಕನ ಕೈ ತಾನಾಗಿ ಮೇಜಿನ ಅಂಚಿಗೆ ಹೋಯಿತು. ಮಡಿಕೆ ಹಾಕಿ ಗುಂಡುಸೂಜಿ ಚುಚ್ಚಿಟ್ಟಿದ್ದ ಪ್ಯಾಂಟು ಅಲ್ಲೇ ಇತ್ತು. ಒಂದು ಸೂಜಿ ಕಿತ್ತಳು, ಎಂದಿನಂತೆ ತುಟಿಗಳ ನಡುವೆ ಇಟ್ಟುಕೊಂಡಳು. ಕೈ ಅಲ್ಲೇ ನಿಂತಿತು. ಸೂಜಿ ಬಾಯಲ್ಲಿದ್ದಾಗ ಟೈಲರಕ್ಕನನ್ನು ಬೈದರೂ ಉತ್ತರ ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಇನ್ನೊಂದು ಕಿತ್ತಳು. ಮತ್ತೆರಡು. ನಾಲ್ಕನ್ನೂ ತುಟಿಯಲ್ಲಿ ಕಚ್ಚಿ ಹದಿನೆಂಟನೆಯ ಪ್ರಶ್ನೆಗೆ ಮರಳಿದಳು. ನಾಲಿಗೆ ಒಳಗೇ ಹೊರಳಿತು; ತುಟಿ ಮಿಸುಕಲಿಲ್ಲ. ಸ್ವಲ್ಪ ಹೊತ್ತಿಗೆ ತಲೆಯೊಳಗೆ ಎಲ್ಲಿಂದಲೋ ಮೇಡಂ ದನಿ ಬಂದು ಪ್ರಶ್ನೆ ಓದತೊಡಗಿತು. ಸರಿಯುತ್ತರದ ಮೇಲೆ ಬೆರಳು ಒತ್ತಿದಳು. ಕೆಂಪು ಪಟ್ಟಿ ಹೊತ್ತಿಕೊಳ್ಳಲಿಲ್ಲ.

“ಅಮ್ಮಾ, ಬಾಯಲ್ಲೇನದು?”

ಅವಳು ಪ್ಯಾಂಟಿನಲ್ಲಿ ಉಳಿದಿದ್ದ ಸೂಜಿಗಳನ್ನು ಎತ್ತಿ ಫೋನಿಗೆ ತೋರಿಸಿದಳು.

“ಗುಂಡುಸೂಜೀನಾ? ತಡೀರಿ, ನೋಡ್ತೀನಿ.” ಹಾಳೆ ಮಗುಚುವ ಸದ್ದು. ಅವಳ ಕಾಲು ಪೆಡಲನ್ನು ಜೋರಾಗಿ ತುಳಿಯಿತು. “ಚೀಟಿ, ಪುಸ್ತಕ, ವಾಚು ಇರಕೂಡದು ಅಂತಿದೆ. ಸೂಜಿ ಬಗ್ಗೆ ಏನೂ ಬರೆದಿಲ್ಲ. ಹುಷಾರಮ್ಮ, ನುಂಗ್ಬಿಟ್ಟೀರಿ.”

ಐವತ್ತನೆಯ ಉತ್ತರ ಒತ್ತಿದಾಗ ಎರಡು ನಿಮಿಷ ಉಳಿದಿತ್ತು. ಸೂಜಿಗಳನ್ನು ಅಂಗೈಗೆ ತೆಗೆದುಕೊಂಡಳು. ಒಂದರ ತುದಿ ಕೆಂಪಾಗಿತ್ತು.

“ಏಳ್ಬೇಡಿ, ಇನ್ನೊಂದಿದೆ. ಪ್ರಮಾಣ ಓದಿದ್ರೇನೇ ಉತ್ತರ ಹೋಗೋದು.”

ಪರದೆಯಲ್ಲಿ ಒಂದೇ ಸಾಲು ಮೂಡಿತು: ‘ಈ ಪರೀಕ್ಷೆಯಲ್ಲಿ ನಾನು ಯಾವ ವ್ಯಕ್ತಿಯ ಸಹಾಯವನ್ನಾಗಲಿ, ಯಾವ ವಸ್ತುವಿನ ಸಹಾಯವನ್ನಾಗಲಿ ಪಡೆದಿಲ್ಲ.’ ಅವಳು ತುಟಿ ಬಿಗಿಹಿಡಿದು, ಮನಸ್ಸಿನಲ್ಲೇ, ಕೊನೆಯ ತನಕ ಓದಿದಳು.

“ಹಾಗಲ್ಲಮ್ಮ,” ಅಂದಿತು ದನಿ. “ಇದನ್ನ ಗಟ್ಟಿಯಾಗಿ ಓದ್ಬೇಕು. ತುಟಿ ಅಲ್ಲಾಡೋದು ಕ್ಯಾಮೆರಾಕ್ಕೆ ಕಾಣ್ಬೇಕು.”

ಅವಳು ಗಟ್ಟಿಯಾಗಿ ಓದಿದಳು. ‘ಯಾವ ವಸ್ತುವಿನ’ ಎಂಬಲ್ಲಿಗೆ ಬಂದಾಗ ಮುಷ್ಟಿ ಬಿಗಿಯಿತು, ದನಿ ನಿಲ್ಲಲಿಲ್ಲ. ‘ಉತ್ತರಗಳು ತಲುಪಿವೆ’ ಎಂದು ಪರದೆ ಹಸಿರಾಯಿತು.

ನಾದಿನಿ ಬಾಗಿಲು ತಳ್ಳಿಕೊಂಡು ಬಂದಳು. “ಏನಾಯ್ತು ಅತ್ತಿಗೆ? ಪರೀಕ್ಷೆ ಹೋಯ್ತಾ, ಉಳೀತಾ? ಬಾಯಿಬಿಟ್ಟು ಹೇಳ್ಬಾರ್ದಾ?”

ಟೈಲರಕ್ಕ ಮುಷ್ಟಿ ಬಿಚ್ಚಿ ನಾಲ್ಕು ಗುಂಡುಸೂಜಿ ತೋರಿಸಿದಳು.