ಎಲೆ ಇದ್ದ ಕಲ್ಲು

ಮಲ್ಲಿನಾಥ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಎಲೆ ಇರಲಿಲ್ಲ. ಹನ್ನೆರಡು ಕೋಟಿ ವರ್ಷಗಳಿಂದ ಕಲ್ಲಿಗೆ ಕಪ್ಪಗೆ ಅಂಟಿಕೊಂಡಿದ್ದ, ಬೇರೆಲ್ಲೂ ಸಿಗದ ಪಳೆಯುಳಿಕೆ ಎಲೆ ಅದು. ಅದನ್ನು ಹುಡುಕಿದ ರಾಜಶ್ರೀ, ಕಾಯಿಲೆ ಬಿದ್ದು ತನ್ನ ಊರು ರಬಕವಿಗೆ ಬರುವಾಗ ಚಿತ್ರ ಬರೆಯಲೆಂದು ತಂದುಕೊಂಡಿದ್ದಳು. ಅವಳು ತೀರಿಕೊಂಡು ವರ್ಷವಾಯಿತು. ಆ ಎಲೆಯ ಗಿಡಕ್ಕೆ ಅವಳ ಹೆಸರನ್ನೇ ಇಡಲೆಂದು, ಅವಳ ಜೊತೆಗಾರ ವಿಜ್ಞಾನಿಯಾಗಿದ್ದ ಮಲ್ಲಿನಾಥ ಈಗ ಕಲ್ಲು ಒಯ್ಯಲು ಬಂದಿದ್ದ.

“ದಿನಾ ಮುಂಜಾನೆ ತಿಕ್ಕಿ ತೊಳದೇನ್ರಿ ಸರ,” ಎಂದಳು ರಾಜಶ್ರೀಯ ತಾಯಿ ಶೇವಂತೆವ್ವ. “ಅಕಿ ಇದ್ದಾಗ ಮುಟ್ಟಾಕ ಕೊಡತಿದ್ದಿಲ್ಲ. ಹತ್ತಿಯೊಳಗ ಸುತ್ತಿ ಕೂಸಿನಂಗ ಇಟ್ಟಿದ್ಲು. ಮ್ಯಾಲ ಎಷ್ಟ್ ಮಸಿ ಹತ್ತಿತ್ತಂತೀರಿ! ಇಷ್ಟ್ ಓದಿದಾಕಿಗೆ ಒಂದ್ ಕಲ್ಲ್ ತಿಕ್ಕಾಕ ಬರಲಿಲ್ಲ ನೋಡ್ರಿ.”

ಕಲ್ಲು ಲಿಂಗದಷ್ಟು ನುಣುಪಾಗಿತ್ತು. ಎಲೆ ಇದ್ದಲ್ಲಿ ಮೂರು ಬೆರಳಿನ ವಿಭೂತಿ. ಕೋಟಿಗಟ್ಟಲೆ ವರ್ಷ ಮಣ್ಣಿನ ಭಾರ ತಡೆದುಕೊಂಡ ಎಲೆಗೆ ಒಂದು ವರ್ಷದ ಅಕ್ಕರೆ ತಡೆದುಕೊಳ್ಳಲು ಆಗಿರಲಿಲ್ಲ. ಎಲೆಯನ್ನು ತೋರಿಸದೆ ಹೆಸರಿಟ್ಟರೆ ಯಾರೂ ಒಪ್ಪುವುದಿಲ್ಲ. ಹೆಸರಿಡುತ್ತೇವೆಂದು ಫೋನಿನಲ್ಲಿ ಮಾತು ಕೊಟ್ಟವನು ಅವನೇ.

“ಹೆಸರ ಇಡತೀರಿ ಅಲ್ರಿ?” ಶೇವಂತೆವ್ವ ಕೇಳಿದಳು. “ಅಕಿಗೆ ಮಕ್ಕಳಿಲ್ಲ ಮರಿ ಇಲ್ಲ. ಗಿಡಕ್ಕರ ಇರಲಿ.”

“ಹೂಂ ಅವ್ವಾರ,” ಎಂದು ಮಲ್ಲಿನಾಥ ತಲೆ ಎತ್ತದೆ ಹತ್ತಿ ಬಿಡಿಸಿ, ಎಂದಿನ ಅಭ್ಯಾಸದಂತೆ ಎಲೆಯ ಜಾಗಕ್ಕೆ ಬೆರಳು ತಾಗದ ಹಾಗೆ ಕಲ್ಲನ್ನು ಸುತ್ತತೊಡಗಿದ.

ಶೇವಂತೆವ್ವ ಹತ್ತಿರ ಬಂದು ಬಗ್ಗಿ ನೋಡಿದಳು.

“ಸಾವಕಾಶ್ರೀ,” ಎಂದಳು. “ವಿಭೂತಿ ಅಳಿಸೀತು.”