ಇಬ್ಬನಿ ಗಿಡಕ್ಕಿಟ್ಟ ಎಡೆ

ಕಾಗೆಗಳು ಇಲ್ಲವಾದ ಮೇಲೆ ನಮ್ಮ ಕರಾವಳಿಯಲ್ಲಿ ತೀರಿಕೊಂಡ ಹಿರಿಯರ ಎಡೆಯನ್ನು ಮುಟ್ಟುವುದು ಇಬ್ಬನಿ ಗಿಡ. ಕಡಲಂಚಿನ ಪಾದೆಕಲ್ಲಿನ ಮೇಲೆ ಆಳೆತ್ತರ ಬೆಳೆದು, ಎಲೆಯ ಒಂದೊಂದು ಕೆಂಪು ಕೂದಲ ತುದಿಯಲ್ಲೂ ಅಂಟು ಹನಿ ಹೊತ್ತು ಅದು ಹೊಳೆಯುವ ಚಂದವೇ ಬೇರೆ. ಎಡೆ ಇಟ್ಟಾಗ ಎಲೆ ಮಡಚಿಕೊಂಡರೆ ಹಿರಿಯರ ಊಟ ಆಯಿತೆಂದೇ ಅರ್ಥ.

ಅಮ್ಮ ತೀರಿಕೊಂಡು ವರ್ಷ ತುಂಬಿದ ದಿನ ಅಣ್ಣ ಸಂಜೀವ ಗಿಡದ ಎಲೆಯ ಮೇಲೆ ಅನ್ನ, ವಡೆ, ಪಾಯಸ ಇಟ್ಟ. ಮಧ್ಯಾಹ್ನ ಕಳೆದರೂ ಎಲೆ ಅಲುಗಲಿಲ್ಲ.

“ಅಮ್ಮನಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿಯಲಿಲ್ಲ ಮಾರಾಯ್ತಿ,” ಎಂದು ಕಣ್ಣೊರೆಸಿಕೊಂಡ.

“ಸಿಟ್ಟೂ ಇಲ್ಲ, ಎಂತದೂ ಇಲ್ಲ. ಮೀನು ಮಾರಿ ನಮ್ಮನ್ನು ಸಾಕಿದವಳು ಮೀನಿಲ್ಲದೆ ಒಂದು ದಿನವಾದರೂ ಉಂಡದ್ದುಂಟಾ?”

“ನಾಲ್ಕು ಜನ ನೋಡ್ತಾರೆ, ಸಸ್ಯಾಹಾರವೇ ಇರಲಿ ಅಂತ...”

“ಜನ ನೋಡ್ಲಿ. ಊಟ ಅಮ್ಮನದ್ದಲ್ವಾ?”

ಮನೆಗೆ ಓಡಿ, ಹುರಿದ ಬಂಗುಡೆಯೊಂದನ್ನು ತಂದು ಇಟ್ಟೆ. ಕೆಂಪು ಕೂದಲುಗಳು ಒಂದೊಂದಾಗಿ ಬಾಗಿದವು. ನೋಡನೋಡುತ್ತ ಎಲೆ ಮಡಚಿಕೊಂಡಿತು. ಎಂಥ ಗಿಡವಪ್ಪಾ! ಅಣ್ಣ ನನ್ನ ಕೈ ಹಿಡಿದು ಅಳುತ್ತಲೇ ನಕ್ಕ.

ಮೂರನೇ ದಿನ ಎಲೆ ಬಿಚ್ಚಿಕೊಂಡಿತ್ತು. ಬಂಗುಡೆಯ ಮುಳ್ಳು ಒಂದೂ ಮುರಿಯದೆ, ಅಮ್ಮ ಉಂಡು ಎದ್ದಾಗ ಇರುತ್ತಿದ್ದ ಹಾಗೆಯೇ, ಎಲೆಯ ಎಡತುದಿಗೆ ಸರಿದು ಕೂತಿತ್ತು.